ಮಗುವಿನ ಮಲಬದ್ಧತೆಗೆ ಪ್ರೋಬಯಾಟಿಕ್ ಪುಡಿ ನಂಬಿ ಕೂರಬೇಡಿ

ಚಿಕ್ಕ ಮಕ್ಕಳಿರುವವರು ದಯವಿಟ್ಟು ಇದನ್ನು ಓದಿ. ಮಗುವಿಗೆ ಕಕ್ಕ ಗಟ್ಟಿಯಾಗಿದೆ ಎಂದರೆ ಸಾಕು, "ಪ್ರೋಬಯಾಟಿಕ್ ಕೊಡಿ, ಒಳ್ಳೆ ಬ್ಯಾಕ್ಟೀರಿಯಾ ಅಲ್ವಾ" ಎನ್ನುವವರೇ ಜಾಸ್ತಿ. ನಮ್ಮ ಮಗಳು ಆ ಮಾತಿಗೆ ತುಂಬಾ ನೋವು ತಿಂದಳು.

ಮಕ್ಕಳ ಡಾಕ್ಟರ್ ಅವಳಿಗೆ ಮಲ ಮೆತ್ತಗಾಗಲು ನೀರಲ್ಲಿ ಬೆರೆಸಿ ಕುಡಿಸುವ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಪುಡಿ ಬರೆದಿದ್ದರು. ಮಕ್ಕಳ ಆಹಾರದ ಸಲಹೆ ಕೊಡುವ ಒಬ್ಬರು, "ಅದು ಕೆಮಿಕಲ್, ಕರುಳಿಗೆ ಅಭ್ಯಾಸ ಆಗಿಬಿಡುತ್ತೆ" ಎಂದು ಹೆದರಿಸಿ ಅದನ್ನು ನಿಲ್ಲಿಸಿದರು. ಬದಲಿಗೆ ತಾವೇ ಮಾರುವ ದುಬಾರಿ ಪ್ರೋಬಯಾಟಿಕ್ ಸ್ಯಾಶೆ ಕೊಟ್ಟರು.

ಆಮೇಲೆ ಮಗು ಬಾಗಿಲ ಸಂದಿಗೆ ಹೋಗಿ ನಿಲ್ಲತೊಡಗಿತು. ತುದಿಗಾಲಲ್ಲಿ, ಕಾಲು ಕತ್ತರಿ ಹಾಕಿಕೊಂಡು, ಮುಖ ಕೆಂಪಗೆ. ನೋಡಿದವರಿಗೆ ತಿಣುಕುತ್ತಿದ್ದಾಳೆ ಅನ್ನಿಸುತ್ತದೆ. ನಿಜಕ್ಕೂ ಅವಳು ತಡೆದು ಹಿಡಿಯುತ್ತಿದ್ದಳು. ಒಮ್ಮೆ ನೋವಾದರೆ ಮಕ್ಕಳು ಹೀಗೇ ಮಾಡುತ್ತಾರೆ. ಒಳಗೇ ಉಳಿದ ಮಲದ ನೀರನ್ನು ಕರುಳು ಹೀರುತ್ತದೆ, ಅದು ಇನ್ನೂ ಗಟ್ಟಿಯಾಗುತ್ತದೆ, ಮುಂದಿನ ಸಲ ನೋವು ಹೆಚ್ಚು.

ಕೆಲವು ವಾರಕ್ಕೆ ಚಡ್ಡಿಯಲ್ಲಿ ತೆಳ್ಳಗೆ ಕಲೆ ಶುರುವಾಯಿತು. "ನೋಡಿ, ಪುಡಿ ಕೆಲಸ ಮಾಡ್ತಿದೆ" ಎಂದರು ಆ ಸಲಹೆಗಾರರು. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ಮಾತಿಗೆ. ಡಾಕ್ಟರ್ ಅವಳ ಹೊಟ್ಟೆಯ ಕೆಳಗೆ ಎಡಗಡೆ ಒತ್ತಿ, ನನ್ನ ಕೈಯನ್ನೂ ಅಲ್ಲೇ ಇಡಿಸಿದರು. ಗಟ್ಟಿ ಗಡ್ಡೆಯೊಂದು ಕೈಗೆ ಸಿಕ್ಕಿತು. ಕಟ್ಟಿಕೊಂಡ ಮಲದ ಪಕ್ಕದಿಂದ ತೆಳುವಾದದ್ದು ಸೋರುತ್ತಿತ್ತು, ಅಷ್ಟೇ. ಅದನ್ನು ಭೇದಿ ಅಂದುಕೊಂಡು ಔಷಧಿ ಕೊಡುವವರೂ ಇದ್ದಾರಂತೆ.

ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರಲ್ಲೇ ಮಕ್ಕಳ ಮಲಬದ್ಧತೆಗೆ ಪ್ರೋಬಯಾಟಿಕ್ ಶಿಫಾರಸು ಮಾಡುವುದಿಲ್ಲ ಎಂದಿವೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆಯೂ ಅದು ಕೆಲಸ ಮಾಡುತ್ತದೆ ಎನ್ನಲು ಸಾಕಷ್ಟು ಪುರಾವೆ ಕಂಡಿಲ್ಲ. ಮೊಸರನ್ನ ಧಾರಾಳವಾಗಿ ಕೊಡಿ, ಅದು ಊಟ. ಔಷಧಿಯ ಜಾಗಕ್ಕೆ ಅದನ್ನು ತರಬೇಡಿ.

ಪೆಗ್ ಕರುಳಿಗೆ ಚಟ ಹಿಡಿಸುವುದಿಲ್ಲ. ಮಲದಲ್ಲಿ ನೀರು ಉಳಿಸುತ್ತದೆ, ಮೈಗೆ ಸೇರುವುದು ಅತ್ಯಲ್ಪ. ಡೋಸ್ ತೂಕದ ಮೇಲೆ, ಅದನ್ನು ಡಾಕ್ಟರೇ ಹೇಳಬೇಕು. ಮೊದಲು ಕಟ್ಟಿಕೊಂಡದ್ದು ಪೂರ್ತಿ ಹೋಗಬೇಕು, ಆಮೇಲೆ ತಿಂಗಳುಗಟ್ಟಲೆ ಮುಂದುವರಿಸಬೇಕು. ಎರಡು ದಿನ ಸರಿಹೋಯಿತೆಂದು ನಿಲ್ಲಿಸಿದರೆ ಮತ್ತೆ ಅದೇ ಪಾಡು. ಊಟವಾದ ಮೇಲೆ ಕಾಲಡಿ ಮಣೆ ಇಟ್ಟು ಐದು ನಿಮಿಷ ಕೂರಿಸಿ. ಗದರಬೇಡಿ.

ಹುಟ್ಟಿ 48 ಗಂಟೆಯಾದರೂ ಮೊದಲ ಕಪ್ಪು ಮಲ ಹೋಗಿರದ ಮಗುವಾಗಿದ್ದರೆ, ಹಸಿರು ವಾಂತಿ, ಹೊಟ್ಟೆ ಉಬ್ಬರ ಇದ್ದರೆ, ತೂಕ ಏರದಿದ್ದರೆ ಮನೆಮದ್ದು ನೋಡುತ್ತಾ ಕೂರದೆ ತಕ್ಷಣ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ.