ಕನ್ವೆನ್ಷನ್‌ನ ಆರ್ಟ್ ಶೋಗೆ ಚಿತ್ರ ಕೊಡುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿರುವ ಕನ್ನಡದ ಚಿತ್ರ ಕಲಾವಿದರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಚಿತ್ರ ಮಾಡುವವರು ದಯವಿಟ್ಟು ಪೂರ್ತಿ ಓದಿ. ಇಲ್ಲಿನ ಫ್ಯಾನ್ ಕನ್ವೆನ್ಷನ್‌ಗಳ, ಅಂದರೆ ಇಂಥ ಕಥೆಗಳ ಅಭಿಮಾನಿಗಳು ಸೇರುವ ಸಮ್ಮೇಳನಗಳ, ಆರ್ಟ್ ಶೋಗೆ ನಿಮ್ಮ ಮೂಲ ಚಿತ್ರ ಕೊಡುವ ಯೋಚನೆ ಇದ್ದರೆ, ಒಂದು ಮಾತನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಚಿತ್ರ ಮಾರಿದ ದುಡ್ಡು ಯಾವ ಖಾತೆಗೆ ಹೋಗುತ್ತದೆ, ನಿಮ್ಮ ಕೈಗೆ ಯಾವಾಗ ಬರುತ್ತದೆ? ಮಿಡ್‌ವೆಸ್ಟ್‌ನ ಒಂದು ಕನ್ವೆನ್ಷನ್‌ನಲ್ಲಿ ನನ್ನ ನಾಲ್ಕು ಚಿತ್ರ ಮಾರಾಟವಾದವು. ಆ ದುಡ್ಡಿನಲ್ಲಿ ಅವರು ಹೋಟೆಲ್ ಬಿಲ್ ಕಟ್ಟಿದರು.

ಮೊದಲು ಈ ಆರ್ಟ್ ಶೋ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ನಮ್ಮ ಕಡೆಯಿಂದ ಬಂದವರಿಗೆ ಇದು ಹೊಸದು. ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಪಕ್ಕ ನಮ್ಮ ಚಿತ್ರದ ಹತ್ತಿರ ನಾವೇ ಕೂತಿರುತ್ತೇವೆ. ಕೊಳ್ಳುವವರು ಬರುತ್ತಾರೆ, ಮಾತಾಡುತ್ತಾರೆ, ದುಡ್ಡು ನಮ್ಮ ಕೈಗೇ ಕೊಡುತ್ತಾರೆ. ಇಲ್ಲಿ ಹಾಗಲ್ಲ. ಕನ್ವೆನ್ಷನ್‌ನವರು ಒಂದು ಹಾಲ್‌ನಲ್ಲಿ ಚಿತ್ರ ತೂಗುಹಾಕುವ ಪ್ಯಾನೆಲ್ ನಿಲ್ಲಿಸಿರುತ್ತಾರೆ. ಪ್ಯಾನೆಲ್‌ಗೆ ಇಷ್ಟು ಎಂದು ಬಾಡಿಗೆ. ಪ್ರತಿ ಚಿತ್ರದ ಕೆಳಗೆ ಒಂದು ಬಿಡ್ ಶೀಟ್ ಅಂಟಿಸಬೇಕು. ಅದರಲ್ಲಿ ಚಿತ್ರದ ಹೆಸರು, ಯಾವ ಬಗೆಯ ಬಣ್ಣದಲ್ಲಿ ಮಾಡಿದ್ದು, ಕನಿಷ್ಠ ಬೆಲೆ ಎಷ್ಟು ಎಂದು ಬರೆದಿರುತ್ತದೆ. ಬೇಕಾದವರು ತಮ್ಮ ಹೆಸರು ಅಥವಾ ಬ್ಯಾಡ್ಜ್ ನಂಬರ್ ಹಾಕಿ ಅದರ ಮೇಲಿನ ಬೆಲೆ ಬರೆಯುತ್ತಾ ಹೋಗುತ್ತಾರೆ. ಇಷ್ಟು ಬಿಡ್ ದಾಟಿದರೆ ಚಿತ್ರ ಕೂಗುವ ಹರಾಜಿಗೆ ಹೋಗುತ್ತದೆ ಎಂದು ಪ್ರತಿ ಕನ್ವೆನ್ಷನ್ ತನ್ನದೇ ನಿಯಮ ಇಟ್ಟಿರುತ್ತದೆ. ದಾಟದಿದ್ದರೆ ಕೊನೆಯಲ್ಲಿ ಬರೆದವರಿಗೇ ಚಿತ್ರ. ಕೊಂಡವರು ದುಡ್ಡು ಕಟ್ಟುವುದು ಆರ್ಟ್ ಶೋ ಕೌಂಟರ್‌ನಲ್ಲಿ. ಕನ್ವೆನ್ಷನ್ ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದಕ್ಕೆ ಆಮೇಲೆ ಕಲಾವಿದರಿಗೆ ಚೆಕ್ ಬರೆದು ಕಳಿಸುತ್ತದೆ.

ಆ 'ಆಮೇಲೆ' ಎನ್ನುವ ಜಾಗದಲ್ಲೇ ನಾನು ಸಿಕ್ಕಿಕೊಂಡಿದ್ದು.

ಈ ಪದ್ಧತಿ ಕೆಟ್ಟದ್ದು ಎಂದು ಹೇಳುತ್ತಿಲ್ಲ. ಇದರ ಹಿಂದೆ ದೊಡ್ಡ ಪ್ರೀತಿಯ ಚರಿತ್ರೆ ಇದೆ. ಸೈನ್ಸ್ ಫಿಕ್ಷನ್ ಅಭಿಮಾನಿಗಳ ವಿಶ್ವ ಸಮ್ಮೇಳನವಾದ ವರ್ಲ್ಡ್‌ಕಾನ್ ಮೊದಲು ನಡೆದಿದ್ದು 1939ರಲ್ಲಿ, ನ್ಯೂಯಾರ್ಕ್‌ನಲ್ಲಿ. ಅದರ ಗೌರವ ಅತಿಥಿ ಬರಹಗಾರರಲ್ಲ, ಚಿತ್ರಕಾರ ಫ್ರಾಂಕ್ ಆರ್. ಪಾಲ್. 1960ರಲ್ಲಿ ಪಿಟ್ಸ್‌ಬರ್ಗ್‌ನ ವರ್ಲ್ಡ್‌ಕಾನ್‌ನಲ್ಲಿ ಬೀಜೋ ಟ್ರಿಂಬಲ್ ಎಂಬ ಫ್ಯಾನ್ ಮುಂದೆ ನಿಂತು ವ್ಯವಸ್ಥಿತವಾದ ಆರ್ಟ್ ಶೋ ಶುರು ಮಾಡಿದರು. ಈಗಲೂ ಇಂಥ ಕನ್ವೆನ್ಷನ್‌ಗಳನ್ನು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರೇ ನಡೆಸುತ್ತಾರೆ. 2022ರಲ್ಲಿ ಶಿಕಾಗೋದಲ್ಲಿ ವರ್ಲ್ಡ್‌ಕಾನ್ ಆದಾಗ ಸುಮ್ನೆ ನೋಡಲು ಹೋಗಿದ್ದೆ. ಅಲ್ಲಿನ ಆರ್ಟ್ ಶೋ ನೋಡಿಯೇ ನನಗೂ ಚಿತ್ರ ಇಡಬೇಕು ಅನ್ನಿಸಿದ್ದು. ಜನ ಒಂದೊಂದು ಚಿತ್ರದ ಮುಂದೆ ನಿಂತು ಬಣ್ಣದ ಬಗ್ಗೆ, ಕಥೆಯ ಬಗ್ಗೆ ಮಾತಾಡುತ್ತಿದ್ದರು. ಗ್ಯಾಲರಿಗಳಲ್ಲಿ ಅಂಥ ನೋಟಕರು ನನಗೆ ಸಿಕ್ಕಿಲ್ಲ. ಇಂಥ ಜಾಗದಲ್ಲಿ ಕಲಾವಿದರ ದುಡ್ಡು ಮುಟ್ಟುತ್ತಾರೆ ಎಂದರೆ ಅದಕ್ಕೇ ನನಗೆ ಜಾಸ್ತಿ ನೋವು.

ಈಗ ನನ್ನ ವಿಷಯ. ನನಗೊಂದು ಮೇಲ್ ಬಂತು. 'ಫೀಚರ್ಡ್ ಆರ್ಟಿಸ್ಟ್' ಆಗಿ ಬನ್ನಿ ಎಂದಿತ್ತು. ಹಾಗೆಂದರೇನು, ಖರ್ಚು ಯಾರದು ಎಂದು ಕೇಳಿದೆ. ಪ್ಯಾನೆಲ್ ಬಾಡಿಗೆ ಇಲ್ಲ, ಮೆಂಬರ್‌ಶಿಪ್ (ಕನ್ವೆನ್ಷನ್‌ಗೆ ಒಳಗೆ ಹೋಗುವ ಟಿಕೆಟ್) ಉಚಿತ, ಕಮಿಷನ್ 10 ಶೇಕಡಾ, ಚೆಕ್ 6 ವಾರದೊಳಗೆ ಎಂದು ಉತ್ತರ ಬಂತು. ಹೋಟೆಲ್ ರೂಮು, ಪ್ರಯಾಣ ನನ್ನದು. ಇದು ಇಲ್ಲಿ ಮಾಮೂಲಿ. ಗೌರವ ಅತಿಥಿಗಳ ಖರ್ಚನ್ನು ಮಾತ್ರ ಕನ್ವೆನ್ಷನ್ ನೋಡಿಕೊಳ್ಳುತ್ತದೆ. ಒಪ್ಪಿಕೊಂಡೆ. ಹಂಪಿಯ ಬಂಡೆಗಳ ನಡುವೆ ಇಳಿದ ನೌಕೆಗಳು, ನೀರಿಲ್ಲದ ತುಂಗಭದ್ರೆ, ಹೀಗೆ ಒಂದು ಸರಣಿ ಮಾಡಿದ್ದೆ. ಎಲ್ಲವೂ ಗ್ವಾಶ್ ಎಂಬ ದಪ್ಪ ನೀರುಬಣ್ಣದಲ್ಲಿ, ಕಾಗದದ ಮೇಲೆ. ಅವುಗಳನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ.

ಅಲ್ಲಿ ಹೋದ ಮೇಲೆ ಪ್ಯಾನೆಲ್ ಬಾಡಿಗೆ ಕಟ್ಟಿ ಎಂದರು. ಮೇಲ್ ತೋರಿಸಿದ ಮೇಲೆ ಬಿಟ್ಟರು. ಆರ್ಟ್ ಶೋ ಎಂದರೆ ರಾತ್ರಿ ಬೀಗ ಹಾಕುವ ಕೋಣೆ ಇರಬೇಕು. ಇಲ್ಲಿ ಹೋಟೆಲ್‌ನ ಒಂದು ಓಣಿಯ ತುದಿಗೆ ಪರದೆ ಕಟ್ಟಿದ್ದರು. ಬೆಳಕು ಸಾಲದು. ಡೆಸ್ಕ್‌ನಲ್ಲಿದ್ದ ಇಬ್ಬರು ಸ್ವಯಂಸೇವಕರು ಮಾತ್ರ ಬಹಳ ಒಳ್ಳೆಯವರು. ಅವರದೇ ಟಾರ್ಚ್ ತಂದು ನನ್ನ ಪ್ಯಾನೆಲ್ ಮೇಲೆ ಕಟ್ಟಿಕೊಟ್ಟರು. ನಡೆದಿದ್ದಕ್ಕೆ ಅವರು ಕಾರಣರಲ್ಲ. ಅದನ್ನು ಇಲ್ಲಿ ಹೇಳಲೇಬೇಕು.

ಮಾರಾಟ ಚೆನ್ನಾಗಿಯೇ ಆಯಿತು. ಮೂರು ಚಿತ್ರ ಬಿಡ್ ಶೀಟ್‌ನಲ್ಲೇ ಹೋದವು. ಒಂದು ಹರಾಜಿಗೆ ಹೋಗಿ ನಾನು ಇಟ್ಟ ಕನಿಷ್ಠ ಬೆಲೆಯ ಎರಡರಷ್ಟಕ್ಕೆ ಹೋಯಿತು. ಒಟ್ಟು ಸುಮಾರು 900 ಡಾಲರ್. ಚಿತ್ರ ವಾಪಸ್ ತೆಗೆದುಕೊಳ್ಳುವ ಹೊತ್ತಿಗೆ ನನ್ನ ಕಂಟ್ರೋಲ್ ಶೀಟ್‌ಗೆ, ಅಂದರೆ ಯಾವ ಚಿತ್ರ ಎಷ್ಟಕ್ಕೆ ಹೋಯಿತು ಎಂಬ ಪಟ್ಟಿಗೆ, ಸಹಿ ಹಾಕಿಸಿಕೊಂಡೆ. ಬಿಡ್ ಶೀಟ್‌ಗಳ ಫೋಟೋನೂ ಕೇಳಿ ತೆಗೆದುಕೊಂಡೆ. ಹೆಚ್ಚಿನ ಆರ್ಟ್ ಶೋಗಳಲ್ಲಿ ಕ್ಯಾಮೆರಾ ಬಿಡುವುದಿಲ್ಲ. ನಿಮ್ಮ ಚಿತ್ರದ ಶೀಟ್ ಮಾತ್ರ ಎಂದು ಕೇಳಿದರೆ ಬಿಡುತ್ತಾರೆ. ದಯವಿಟ್ಟು ಕೇಳಿ. ಮಾರಾಟಕ್ಕೆ ಮುಂದೆ ನನ್ನ ಕೈಯಲ್ಲಿದ್ದ ಆಧಾರ ಅಷ್ಟೇ.

'ಮಾರಾಟಕ್ಕಿಲ್ಲ' ಎಂದು ಇಟ್ಟಿದ್ದ ಒಂದು ಚಿತ್ರ ಮೂಲೆಯಲ್ಲಿ ನಜ್ಜಾಗಿ ವಾಪಸ್ ಬಂತು. ನಾನು ಮೌಂಟ್‌ಗೆ, ಅಂದರೆ ಚಿತ್ರದ ಹಿಂದಿನ ರಟ್ಟಿಗೆ, ಹಾಕಿದ್ದ ಕ್ಲಿಪ್ ತೆಗೆದು, ಯಾರೋ ನೇರವಾಗಿ ಕಾಗದಕ್ಕೇ ಹಾಕಿ ಜಾಗ ಬದಲಿಸಿದ್ದರು. ಇದಕ್ಕೆ ಪರಿಹಾರ ಸಿಗಲಿಲ್ಲ. ವಿಮೆ ಇಲ್ಲ, ಕಲಾವಿದರದೇ ಜವಾಬ್ದಾರಿ ಎನ್ನುವುದು ಹೆಚ್ಚಿನ ಕಡೆ ನಿಯಮದಲ್ಲೇ ಇರುತ್ತದೆ.

6 ವಾರ ಕಳೆಯಿತು. ಚೆಕ್ ಇಲ್ಲ. ಮೇಲ್ ಹಾಕಿದೆ, ಉತ್ತರ ಇಲ್ಲ. ಆರ್ಟ್ ಶೋ ನಡೆಸಿದವರಿಗೆ ಬರೆದರೆ, ನಮ್ಮ ಲೆಕ್ಕ ಅವತ್ತೇ ಖಜಾಂಚಿಗೆ ಒಪ್ಪಿಸಿದ್ದೇವೆ ಎಂದರು. ಕೊನೆಗೆ ಖಜಾಂಚಿಯೇ ಫೋನಿಗೆ ಸಿಕ್ಕರು. ಹೋಟೆಲ್‌ನವರ ಬಾಕಿ ಮೊದಲು ತೀರಿಸಬೇಕಾಯಿತು, ಮುಂದಿನ ವರ್ಷದ ಮೆಂಬರ್‌ಶಿಪ್ ದುಡ್ಡು ಬರಲಿ, ಆಗ ಕೊಡುತ್ತೇವೆ ಎಂದರು. ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ ಹೇಳಿದರು.

ಇದು ಯಾಕೆ ಹೀಗಾಗುತ್ತದೆ ಎಂದು ನೀವು ತಿಳಿದಿರಬೇಕು. ಕನ್ವೆನ್ಷನ್‌ನವರು ಹೋಟೆಲ್ ಜೊತೆ ತುಂಬಾ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತಾರೆ. ನಮ್ಮ ಜನ ಇಷ್ಟು ರೂಮು ತುಂಬುತ್ತಾರೆ ಎಂದು ಮಾತು ಕೊಡುತ್ತಾರೆ. ಅದಕ್ಕೆ ಬದಲಾಗಿ ಹಾಲ್‌ಗಳು ಅಗ್ಗಕ್ಕೆ ಅಥವಾ ಬಿಟ್ಟಿ ಸಿಗುತ್ತವೆ. ಒಪ್ಪಿದ್ದಕ್ಕಿಂತ ಕಡಿಮೆ ರೂಮು ತುಂಬಿದರೆ ಆ ಕೊರತೆಯನ್ನು ಕನ್ವೆನ್ಷನ್ ತುಂಬಿಕೊಡಬೇಕು. ಇದಕ್ಕೆ ಇಲ್ಲಿ ಅಟ್ರಿಷನ್ ಎನ್ನುತ್ತಾರೆ. ಜನ ಕಡಿಮೆ ಬಂದರೆ, ಅಥವಾ ಬಂದವರು ಪಕ್ಕದ ಅಗ್ಗದ ಹೋಟೆಲ್‌ನಲ್ಲಿ ಉಳಿದರೆ, ದೊಡ್ಡ ಬಿಲ್ಲೇ ಬೀಳುತ್ತದೆ. ಆಗ ಅವರ ಕೈಯಲ್ಲಿ ರೊಕ್ಕ ಎಲ್ಲಿರುತ್ತದೆ? ಆರ್ಟ್ ಶೋ ಕೌಂಟರ್‌ನಲ್ಲಿ. ಎಲ್ಲ ಒಂದೇ ಖಾತೆಗೆ ಹೋದರೆ ಯಾವುದು ಕನ್ವೆನ್ಷನ್‌ನದು, ಯಾವುದು ಕಲಾವಿದರದು ಎನ್ನುವ ಗೆರೆ ಅಳಿಸಿಹೋಗುತ್ತದೆ. ಮನೆ ಬಾಡಿಗೆಗೆ ಕಷ್ಟವಾಯಿತೆಂದು ಚೀಟಿ ನಡೆಸುವವರು ಚೀಟಿ ದುಡ್ಡು ತೆಗೆದ ಹಾಗೆ ಇದು. ಸಂಬಳವಿಲ್ಲದೆ ದುಡಿಯುವವರು ಎನ್ನುವುದು ನಿಜ. ಆದರೆ ಕಲಾವಿದರ ದುಡ್ಡು ಅವರ ಕಷ್ಟಕಾಲದ ನಿಧಿ ಅಲ್ಲ, ಅಲ್ವಾ?

ಸಹಿ ತೆಗೆದುಕೊಳ್ಳುವ ಸರ್ಟಿಫೈಡ್ ಅಂಚೆಯಲ್ಲಿ ಕಾಗದ ಕಳಿಸಿದೆ. ಕಂಟ್ರೋಲ್ ಶೀಟ್, ಬಿಡ್ ಶೀಟ್ ಫೋಟೋ, ಅವರದೇ ಮೇಲ್, ಎಲ್ಲದರ ಪ್ರತಿ ಜೊತೆಗಿಟ್ಟೆ. ಇಷ್ಟು ದಿನದೊಳಗೆ ಕೊಡದಿದ್ದರೆ, ಸಣ್ಣ ಮೊತ್ತದ ದಾವೆ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗುತ್ತೇನೆ ಎಂದೂ ಬರೆದೆ. ಆಗ ಒಂದು ಚೆಕ್ ಬಂತು. ಬರಬೇಕಾದ್ದರಲ್ಲಿ ಅರ್ಧ. ಅದರಲ್ಲೂ ಕಮಿಷನ್ 20 ಶೇಕಡಾ ಹಿಡಿದಿದ್ದರು. ಕೇಳಿದರೆ, ವೆಬ್‌ಸೈಟ್‌ನಲ್ಲಿ ನಿಯಮ ನೋಡಿ ಎಂದರು. ನೋಡಿದರೆ ಅಲ್ಲಿ ನಿಜವಾಗಿ 20 ಎಂದೇ ಇತ್ತು. ಕನ್ವೆನ್ಷನ್ ಮುಗಿದ ಮೇಲೆ ಬದಲಿಸಿದ್ದರು. ನನ್ನ ಹತ್ತಿರ ಹಳೆಯ ಪುಟದ ಪಿಡಿಎಫ್ ಇತ್ತು.

ಸ್ಮಾಲ್ ಕ್ಲೇಮ್ಸ್ ಕೋರ್ಟ್ ಒಳ್ಳೆಯ ದಾರಿ. ವಕೀಲರಿಲ್ಲದೆ ನೀವೇ ಹೋಗಬಹುದು. ಎಷ್ಟು ಮೊತ್ತದವರೆಗೆ ಎನ್ನುವುದು ರಾಜ್ಯಕ್ಕೊಂದು. ಇಲಿನಾಯ್‌ನಲ್ಲಿ 10,000 ಡಾಲರ್, ಒಹಾಯೋದಲ್ಲಿ 6,000. ಆದರೆ ಸಾಮಾನ್ಯವಾಗಿ ಅವರಿರುವ ಕೌಂಟಿಯಲ್ಲೇ ದಾವೆ ಹಾಕಬೇಕು. ನೀವು ಬೇರೆ ರಾಜ್ಯದಲ್ಲಿದ್ದರೆ ಹೋಗಿ ಬರುವ ಖರ್ಚೇ ಬಾಕಿಯನ್ನು ನುಂಗುತ್ತದೆ. ಇದು ಅವರಿಗೂ ಗೊತ್ತು. ನಾನು ಆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಕಚೇರಿಗೆ ದೂರು ಕೊಟ್ಟಿದ್ದೇನೆ. ಇಂಥ, ಲಾಭಕ್ಕಾಗಿ ನಡೆಸದ ಸಂಸ್ಥೆಗಳ ಮೇಲಿನ ದೂರನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಉಳಿದ ಬಾಕಿ ಇನ್ನೂ ಬಂದಿಲ್ಲ.

ಇಷ್ಟರ ನಡುವೆ ಇನ್ನೊಂದು ಆಯಿತು. ಕನ್ವೆನ್ಷನ್‌ನವರು ಮುಂದಿನ ವರ್ಷದ ಪ್ರಚಾರಕ್ಕೆ ನನ್ನ ಹಂಪಿ ಚಿತ್ರವನ್ನೇ ಹಾಕಿಕೊಂಡರು. ಹೆಸರಿಲ್ಲ, ಕೇಳಿಯೂ ಇಲ್ಲ. ಚಿತ್ರ ಮಾರಾಟವಾಗಿದೆಯಲ್ಲ ಎಂದರು. ಇದು ತಪ್ಪು. ಅಮೆರಿಕದ ಕಾನೂನಿನಲ್ಲಿ ಚಿತ್ರ ಕೊಂಡವರಿಗೆ ಸಿಗುವುದು ಆ ಚಿತ್ರ ಮಾತ್ರ. ಅದನ್ನು ಅಚ್ಚು ಹಾಕುವ ಹಕ್ಕು ಕಲಾವಿದರ ಹತ್ತಿರವೇ ಇರುತ್ತದೆ. ಹಕ್ಕು ಬಿಟ್ಟುಕೊಡಬೇಕಾದರೆ ನೀವು ಬರೆದು ಸಹಿ ಹಾಕಿರಬೇಕು. ಇಲ್ಲಿ ಚಿತ್ರ ಕೊಂಡವರು ಕನ್ವೆನ್ಷನ್‌ನವರೂ ಅಲ್ಲ! ಅವರ ಪೇಜ್ ಇದ್ದ ಸೋಷಿಯಲ್ ಮೀಡಿಯಾ ಕಂಪನಿಗೆ ಕಾಪಿರೈಟ್ ದೂರು ಕೊಟ್ಟ ಮೇಲೆ ಪೋಸ್ಟರ್ ಇಳಿಯಿತು.

ಹಾಗಾದರೆ ಮೊದಲೇ ಪತ್ತೆ ಮಾಡುವುದು ಹೇಗೆ? ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ವೆಬ್‌ಸೈಟ್‌ನಲ್ಲಿ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳನ್ನು ಹುಡುಕಬಹುದು. ಕನ್ವೆನ್ಷನ್ ನಡೆಸುವ ಸಂಸ್ಥೆಯ ಹೆಸರು ಹಾಕಿ ನೋಡಿ. ಅವರು ವರ್ಷವರ್ಷವೂ ಫಾರ್ಮ್ 990 ಸಲ್ಲಿಸಬೇಕು. ದೊಡ್ಡ ಸಂಸ್ಥೆಯಾದರೆ ಅದರಲ್ಲಿ ಆದಾಯ, ಖರ್ಚು, ಸಾಲ ಎಲ್ಲ ಕಾಣುತ್ತದೆ. ವರ್ಷದ ಆದಾಯ ಸಾಮಾನ್ಯವಾಗಿ 50,000 ಡಾಲರ್‌ಗಿಂತ ಜಾಸ್ತಿ ಇಲ್ಲದವರು ಚಿಕ್ಕ ಫಾರ್ಮ್ ಮಾತ್ರ ಕೊಟ್ಟರೆ ಸಾಕು. ಅದರಲ್ಲಿ ಲೆಕ್ಕ ಇರುವುದಿಲ್ಲ. ಸತತ 3 ವರ್ಷ ಏನೂ ಸಲ್ಲಿಸದಿದ್ದರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ರದ್ದಾದವರ ಪಟ್ಟಿಯೂ ಅಲ್ಲೇ ಸಿಗುತ್ತದೆ. ಆ ಪಟ್ಟಿಯಲ್ಲಿ ಹೆಸರಿದ್ದರೆ ಚಿತ್ರ ಕೊಡಬೇಡಿ. ವರ್ಷಕ್ಕೊಂದು ಫಾರ್ಮ್ ತುಂಬದವರು ನಿಮ್ಮ ಲೆಕ್ಕ ಇಡುತ್ತಾರೆ ಎಂದು ನಂಬಲು ಕಾರಣವಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಹಿಂದಿನ ವರ್ಷ ಚಿತ್ರ ಇಟ್ಟವರನ್ನು ಕೇಳುವುದು. ಚೆಕ್ ಯಾವಾಗ ಬಂತು ಎಂದು ಮಾತ್ರ ಕೇಳಿ. ಈ ಕ್ಷೇತ್ರದ ಕಲಾವಿದರದ್ದೇ ಒಂದು ಸಂಘ ಇದೆ, ಆಸ್ಫಾ. ಚೆಸ್ಲಿ ಪ್ರಶಸ್ತಿ ಕೊಡುವವರು ಅವರೇ. ಅಂಥ ಕಡೆ ಇರುವ ಹಿರಿಯ ಕಲಾವಿದರು ಧಾರಾಳವಾಗಿ ಮಾತಾಡುತ್ತಾರೆ. ನನ್ನ ವಿಷಯ ಹೇಳಿದಾಗ ಇನ್ನಿಬ್ಬರಿಗೂ ಅದೇ ಕನ್ವೆನ್ಷನ್‌ನಿಂದ ದುಡ್ಡು ಬಂದಿಲ್ಲ ಎಂದು ಗೊತ್ತಾಯಿತು.

ಊರಿಂದ ಅಂಚೆಯಲ್ಲಿ ಚಿತ್ರ ಕಳಿಸುವವರಿಗೂ ಒಂದು ಮಾತು. ಮೇಲ್-ಇನ್ ಎಂದು ಹಲವು ಆರ್ಟ್ ಶೋಗಳು ತೆಗೆದುಕೊಳ್ಳುತ್ತವೆ. ವಾಪಸ್ ಕಳಿಸುವ ಅಂಚೆ ಖರ್ಚೂ ಕಲಾವಿದರದೇ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಇಲ್ಲಿನ ಬಾಕಿ ವಸೂಲಿ ಮಾಡುವುದು ಅಸಾಧ್ಯದ ಮಾತು. ಮೂಲ ಚಿತ್ರ ಕಳಿಸಲೇಬೇಡಿ. ಪ್ರಿಂಟ್ ಕಳಿಸಿ, ಅದೂ ಇಲ್ಲಿ ನಿಮ್ಮ ಪರವಾಗಿ ನಿಲ್ಲುವವರು ಯಾರಾದರೂ ಇದ್ದರೆ. ಹಾಗೆಯೇ ಕೆಲಸದ ಪರವಾನಗಿ ಇಲ್ಲದೆ ಎಚ್-4 ವೀಸಾದಲ್ಲಿ ಇರುವವರು, ಚಿತ್ರ ಮಾರಾಟಕ್ಕೆ ಇಡುವ ಮುಂಚೆ ವಲಸೆ ವಕೀಲರನ್ನು ಕೇಳಿ. 'ಮಾರಾಟಕ್ಕಿಲ್ಲ' ಎಂದು ಪ್ರದರ್ಶನಕ್ಕೆ ಮಾತ್ರ ಇಡಲು ಹೆಚ್ಚಿನ ಕಡೆ ಅವಕಾಶ ಇರುತ್ತದೆ.

ಮೊನ್ನೆ ಬೇರೊಂದು ಕನ್ವೆನ್ಷನ್‌ಗೆ ಬರೆದು ಕೇಳಿದೆ. ಆರ್ಟ್ ಶೋ ದುಡ್ಡು ಬೇರೆ ಖಾತೆಯಲ್ಲಿ ಇಡುತ್ತೀರಾ, ಕಮಿಷನ್ ಎಷ್ಟು, ಚೆಕ್‌ಗೆ ಸಹಿ ಹಾಕುವವರು ಯಾರು, ಕೊಡುವ ಕೊನೆಯ ದಿನ ಯಾವುದು ಎಂದು. ಅಲ್ಲಿನ ಆರ್ಟ್ ಶೋ ನೋಡಿಕೊಳ್ಳುವವರು ಬೇಗನೆ ಉತ್ತರ ಕೊಟ್ಟರು. ಬೇರೆ ಖಾತೆ ಇದೆ, ಅದರಿಂದ ಕಲಾವಿದರಿಗೆ ಬಿಟ್ಟು ಯಾರಿಗೂ ಚೆಕ್ ಹೋಗುವುದಿಲ್ಲ ಎಂದರು. ಒಪ್ಪಂದದ ಪತ್ರವನ್ನೂ ಸಹಿ ಹಾಕಿ ಕಳಿಸಿದರು. ಇಂಥ ಉತ್ತರ ಕೊಡುವವರು ಇದ್ದಾರೆ. ಕೊಡದವರಿಗೆ ಚಿತ್ರ ಕೊಡುವ ಅಗತ್ಯ ನಮಗಿಲ್ಲ.

ನನಗೆ ಬಾಕಿ ಇಟ್ಟಿರುವ ಕನ್ವೆನ್ಷನ್‌ನಿಂದ ಈ ವರ್ಷವೂ ಹೊಸ ಕಲಾವಿದರಿಗೆ ಆಹ್ವಾನ ಹೋಗುತ್ತಿದೆ. ದೂರು ವಿಚಾರಣೆಯಲ್ಲಿ ಇರುವುದರಿಂದ ಹೆಸರು ಇಲ್ಲಿ ಹಾಕುತ್ತಿಲ್ಲ. ನಿಮಗೆ 'ಫೀಚರ್ಡ್ ಆರ್ಟಿಸ್ಟ್' ಎಂದು ಮೇಲ್ ಬಂದಿದ್ದರೆ ಫಾರ್ಮ್ ತುಂಬುವ ಮುಂಚೆ ನನಗೊಂದು ಸಂದೇಶ ಹಾಕಿ. ನಿಮಗೂ ಅವರಿಂದ ಬಾಕಿ ಬರಬೇಕಿದ್ದರೆ, ನಿಮ್ಮ ಕಂಟ್ರೋಲ್ ಶೀಟ್ ಇಟ್ಟುಕೊಂಡು ಅದೇ ಅಟಾರ್ನಿ ಜನರಲ್ ಕಚೇರಿಗೆ ನೀವೂ ದೂರು ಕೊಡಿ. ದೂರಿನ ಮಾದರಿ ಬೇಕಿದ್ದರೆ ನಾನು ಬರೆದದ್ದನ್ನು ಕಳಿಸುತ್ತೇನೆ.