ಡ್ರಾಯಿಂಗ್‌ನಲ್ಲಿ ಅಳತೆ ತಪ್ಪಿದ್ದರೆ: ಫೋನೋ, ಮಾಡೆಲ್ಲೋ, ಮೊದಲ ಪೀಸೋ, ಇಮೇಲೋ?

ಡ್ರಾಯಿಂಗ್‌ನಲ್ಲಿ ತಪ್ಪು ಕಂಡರೆ ಮೆಟೀರಿಯಲ್ ಕತ್ತರಿಸುವ ಮೊದಲೇ ಪ್ರಶ್ನೆ ಬರೆದು ಮೇಲ್ ಮಾಡಿ. ರಿವಿಷನ್ (ಡ್ರಾಯಿಂಗ್ ತಿದ್ದಿದಾಗಲೆಲ್ಲ ಬದಲಾಗುವ ಎ, ಬಿ ಅನ್ನುವ ಗುರುತು) ಬದಲಾದ ಹೊಸ ಡ್ರಾಯಿಂಗ್ ಬಂದಮೇಲೆ ಕೆಲಸಕ್ಕೆ ಕೈ ಹಾಕಿ. ಬೆಂಗಳೂರಿನ ಪೀಣ್ಯದಲ್ಲಿ ಜಾಬ್ ವರ್ಕ್, ಅಂದರೆ ಗಿರಾಕಿಯ ಡ್ರಾಯಿಂಗ್ ಪ್ರಕಾರ ಪಾರ್ಟ್ ಮಾಡಿಕೊಡುವ ಕೆಲಸ ಮಾಡುವ ನಮ್ಮಂಥ ಚಿಕ್ಕ ಶಾಪ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣಲಿಲ್ಲ. ಉಳಿದವನ್ನೂ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಫೋನ್ ಎಲ್ಲಕ್ಕಿಂತ ಬೇಗ. ತೊಂದರೆ ಬರುವುದು ಆಮೇಲೆ. ಒಂದು ಇಎನ್24 ಸ್ಟೀಲ್ ಶಾಫ್ಟ್‌ನ ಕೆಲಸ ಬಂದಿತ್ತು. ಒಟ್ಟು ಉದ್ದ 120 ಮಿಮೀ. ದಪ್ಪ ಬದಲಾಗುವ ಭಾಗಗಳ, ಅಂದರೆ ಸ್ಟೆಪ್‌ಗಳ ಉದ್ದ 35, 42, 45. ಕೂಡಿದರೆ 122! ಗಿರಾಕಿಯ ಡಿಸೈನ್ ಎಂಜಿನಿಯರ್‌ಗೆ ಫೋನ್ ಮಾಡಿದೆವು. "ಮಧ್ಯದ್ದು 40 ಮಾಡ್ಕೊಳ್ಳಿ ಸರ್, ಡ್ರಾಯಿಂಗ್ ಆಮೇಲೆ ಕಳಿಸ್ತೀನಿ, ಅರ್ಜೆಂಟಿದೆ" ಅಂದರು. ಹಾಗೇ ಮಾಡಿ ಕಳಿಸಿದೆವು.

ಗಿರಾಕಿಯ ಕಡೆ ಬಂದ ಮಾಲು ಪರೀಕ್ಷಿಸುವ ಇನ್‌ವರ್ಡ್ ಇನ್‌ಸ್ಪೆಕ್ಷನ್‌ನವರ ಕೈಯಲ್ಲಿದ್ದದ್ದು ಹಳೇ ಡ್ರಾಯಿಂಗ್. ಅದರಲ್ಲಿ 42, ಅಳೆದರೆ 40. ಇಡೀ ಲಾಟ್ ರಿಜೆಕ್ಟ್ ಆಯಿತು. ಅವರನ್ನು ದೂರುವಂತಿಲ್ಲ, ಡ್ರಾಯಿಂಗ್ ಪ್ರಕಾರ ನೋಡುವುದೇ ಅವರ ಕೆಲಸ. ಮಾತಾಡಿದ ಎಂಜಿನಿಯರ್ ರಜೆಯಲ್ಲಿದ್ದರು. ಪರ್ಚೇಸ್‌ನವರು "ಬರೆದುಕೊಟ್ಟಿದ್ದು ಏನಾದ್ರೂ ಇದ್ಯಾ?" ಅಂತ ಕೇಳಿದರು. ಇರಲಿಲ್ಲ. ಶಾಫ್ಟ್ ಅಸೆಂಬ್ಲಿಗೆ ಸರಿಯಾಗಿಯೇ ಕೂರುತ್ತಿತ್ತು. ಆದರೂ ಅದು ಒಪ್ಪಿಗೆಯಾಗುವವರೆಗೆ ಬಿಲ್ ನಿಂತಿತು, ಹೋಗಿ ಬರುವ ಟೆಂಪೊ ಬಾಡಿಗೆ ನಮ್ಮ ತಲೆಗೇ ಬಂತು. ಅಕಸ್ಮಾತ್ 42 ಸರಿಯಿದ್ದು, 45 ತಪ್ಪಿದ್ದರೆ? ಕಡಿಮೆಯಾದ 2 ಮಿಮೀ ಎಲ್ಲಿಂದ ತರುವುದು?

ವಾಟ್ಸಾಪ್‌ನಲ್ಲಿ ಕೆಂಪು ಗೆರೆ ಎಳೆದು ಕಳಿಸುವುದು ಇದಕ್ಕಿಂತ ವಾಸಿ. ಆದರೆ ಆ ಫೋಟೋ ಓನರ್ ಮೊಬೈಲ್‌ನಲ್ಲೇ ಉಳಿಯುತ್ತದೆ. ನೈಟ್ ಶಿಫ್ಟ್ ಆಪರೇಟರ್ ನೋಡುವುದು ಮೆಷಿನ್ ಪಕ್ಕದ ಪ್ರಿಂಟನ್ನು ಮಾತ್ರ.

ಸ್ಟೆಪ್ ಫೈಲ್ (ಕಂಪ್ಯೂಟರ್‌ನ 3ಡಿ ಮಾಡೆಲ್) ನೋಡಿ ಮಾಡಿ ಅನ್ನುವವರೂ ಇದ್ದಾರೆ. ಡ್ರಾಯಿಂಗ್‌ನಲ್ಲಿ ಯಾವ ನೋಟ ಯಾವ ಕಡೆಯದು ಅನ್ನುವ ಫಸ್ಟ್ ಆ್ಯಂಗಲ್, ಥರ್ಡ್ ಆ್ಯಂಗಲ್ ಗೊಂದಲ ಬಿಡಿಸಿಕೊಳ್ಳೋಕೆ ಮಾಡೆಲ್ ನಿಜಕ್ಕೂ ಒಳ್ಳೆಯದು. ಅಳತೆಗೆ ಅದನ್ನೇ ನಂಬಬೇಡಿ. 6205 ಬೇರಿಂಗ್ ಕೂರುವ ಜಾಗಕ್ಕೆ 25 ಕೆ6 (25 ಮಿಮೀ ವ್ಯಾಸ; ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಅನ್ನುವ ಗುರುತು ಕೆ6) ಕೊಟ್ಟಿದ್ದರೆ 25.002ರಿಂದ 25.015ರ ಒಳಗಿರಬೇಕು. ಮಾಡೆಲ್‌ನಲ್ಲಿ ಸಾಮಾನ್ಯವಾಗಿ ಬರೀ 25 ಇರುತ್ತದೆ. ಅಷ್ಟಕ್ಕೇ ಮಾಡಿದರೆ ಪೀಸ್ ಅಂಡರ್‌ಸೈಜ್.

ಫಸ್ಟ್ ಪೀಸ್ ಮಾಡಿ ಅಪ್ರೂವಲ್ ತಗೊಳ್ಳುವುದು ದೊಡ್ಡ ಲಾಟ್‌ಗೆ ಸರಿ. ನಮಗೆ ಆಗಲ್ಲ: ಉತ್ತರ ಬರುವವರೆಗೆ ಸೆಟ್ಟಿಂಗ್ ಬಿಚ್ಚುವಂತಿಲ್ಲ, ಮೆಷಿನ್ ಸುಮ್ನೆ ನಿಂತಿರುತ್ತದೆ.

ನಾವೇ ಪೆನ್ನಲ್ಲಿ ತಿದ್ದಿಕೊಳ್ಳುವುದಂತೂ ಬೇಡವೇ ಬೇಡ.

ಮೇಲ್‌ಗೆ ಖರ್ಚೇನೂ ಇಲ್ಲ. ಪಿಡಿಎಫ್ ಮೇಲೆ ಗುರುತು ಹಾಕಿ, ಡ್ರಾಯಿಂಗ್ ನಂಬರ್, ರಿವಿಷನ್ ಬರೆದು ಕಳಿಸಿದರಾಯಿತು. ಪರ್ಚೇಸ್, ಕ್ವಾಲಿಟಿ ಇಬ್ಬರನ್ನೂ ಸಿಸಿಯಲ್ಲಿ ಹಾಕಿ. "ಅಳತೆ ತಪ್ಪಿದೆ" ಅಂತಷ್ಟೇ ಬರೆದರೆ ಸಾಲದು. ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಅಂತ ಕೇಳಿ. ಆ ಶಾಫ್ಟ್‌ಗೆ ಐಎಸ್‌ಒ 2768-ಎಂ, ಅಂದರೆ ಬೇರೆ ಏನೂ ಬರೆಯದ ಅಳತೆಗಳಿಗೆ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಅನ್ನುವ ಸ್ಟ್ಯಾಂಡರ್ಡ್ ಹಾಕಿದ್ದರು. ಅದರಲ್ಲಿ 30ರ ಮೇಲೆ 120ರವರೆಗೆ ±0.3. ಮೂರು ಸ್ಟೆಪ್‌ಗೂ ±0.3 ಅಂದರೆ ಒಟ್ಟು ±0.9ರವರೆಗೆ ಹೋಗಬಹುದು, ಆದರೆ ಒಟ್ಟು ಉದ್ದಕ್ಕೂ ±0.3 ಅಷ್ಟೇ. 42ನ್ನು 40 ಮಾಡಿದರೂ ಈ ಜಗಳ ತೀರಲ್ಲ. ಒಂದು ಅಳತೆಯನ್ನು ತೆಗೆಯಬೇಕು, ಇಲ್ಲವೇ ಬರೀ ಮಾಹಿತಿಗೆ ಅನ್ನುವಂತೆ ಬ್ರ್ಯಾಕೆಟ್‌ನಲ್ಲಿ ರೆಫರೆನ್ಸ್ ಅಂತ ಹಾಕಬೇಕು. ಫೋನ್‌ನಲ್ಲಿ ಇಷ್ಟು ಮಾತು ಬರಲೇ ಇಲ್ಲ.

ಉತ್ತರ ತಡವಾಗುತ್ತದೆ, ನಿಜ. ನಮ್ಮಲ್ಲಿ ಬೇರೆ ಬೇರೆ ಗಿರಾಕಿಗಳ ಕೆಲಸ ಇರುವುದರಿಂದ ಅಷ್ಟರಲ್ಲಿ ಇನ್ನೊಂದು ಜಾಬ್ ಹತ್ತಿಸುತ್ತೇವೆ. ಒಬ್ಬರೇ ಗಿರಾಕಿಯನ್ನು ನಂಬಿದವರಿಗೆ ಇದು ಕಷ್ಟ. ಬ್ರೇಕ್‌ಡೌನ್ ಕೆಲಸಕ್ಕೆ ಮಾತ್ರ ನಾನೂ ಫೋನ್ ಸಾಕು ಅನ್ನುತ್ತೇನೆ. ಅಲ್ಲಿ ಫಿಟ್ಟರ್ ಹಳೇ ಪಾರ್ಟ್ ಹಿಡಿದುಕೊಂಡು ಎದುರಿಗೇ ನಿಂತಿರುತ್ತಾರೆ.

ಹೊಸ ರಿವಿಷನ್ ಬಂದ ಕೂಡಲೇ ಮೆಷಿನ್ ಹತ್ತಿರದ ಹಳೇ ಪ್ರಿಂಟ್ ವಾಪಸ್ ತಗೊಂಡು ಹರಿದುಹಾಕಿ. ಗಿರಾಕಿಯ ಪಿಒದಲ್ಲೂ (ಪರ್ಚೇಸ್ ಆರ್ಡರ್) ಅದೇ ರಿವಿಷನ್ ಬರೆಸಿಕೊಳ್ಳಿ. ಡ್ರಾಯಿಂಗ್ ಬಿ, ಪಿಒ ಎ ಅಂತಿದ್ದರೆ ಪೀಸ್ ಸರಿಯಿದ್ದರೂ ಬಿಲ್ ಮತ್ತೆ ನಿಲ್ಲುತ್ತದೆ.