ಬಿದ್ರಿ ಕೆಲಸಕ್ಕೆ ಗಾಳಿ ಉಳಿ: ಎರಡು ವರ್ಷ ಬಳಸಿದ ಮೇಲೆ

ಗಾಳಿಯಿಂದ ಓಡುವ ಕೆತ್ತನೆ ಹ್ಯಾಂಡ್‌ಪೀಸ್, ಅಂದರೆ ಉಳಿ ಸಿಕ್ಕಿಸಿ ಕೈಯಲ್ಲಿ ಹಿಡಿಯುವ ಹಿಡಿ, ಒಳ್ಳೆಯ ಸಾಮಾನು. ಆದರೆ ಹೊಸಬರು ದುಡ್ಡನ್ನು ಮೊದಲು ಅದಕ್ಕೆ ಸುರಿಯಬೇಡಿ, ಉಳಿ ಹರಿತ ಮಾಡುವ ಸಾಣೆಗೆ ಹಾಕಿ.

ನಾನು ಬೀದರ್‌ನಲ್ಲಿ ಬಿದ್ರಿ ಕೆಲಸ ಮಾಡುತ್ತೇನೆ. ಅಮೆರಿಕದ ಜಿಆರ್‌ಎಸ್, ಲಿಂಡ್ಸೆ ಯಂತ್ರಗಳ ಹೆಸರು ಎಲ್ಲರೂ ಹೇಳುತ್ತಾರೆ. ಸುಂಕ ಸೇರಿಸಿ ಪೂರ್ತಿ ಸೆಟ್ ತರಿಸಿದರೆ ಲಕ್ಷ ದಾಟುವುದು ಸುಲಭ. ನನ್ನದು ಆನ್‌ಲೈನ್‌ನಲ್ಲಿ ಸಿಕ್ಕ ಅಗ್ಗದ ಮಾಲು. ಹಿಡಿಯೊಳಗೆ ಪುಟ್ಟ ಪಿಸ್ಟನ್ ಇದೆ. ಗಾಳಿ ಅದನ್ನು ಹಿಂದೆ ಮುಂದೆ ಓಡಿಸುತ್ತದೆ, ಅದು ಉಳಿಯ ಬೆನ್ನಿಗೆ ಬಡಿಯುತ್ತದೆ. ಪೆಡಲ್ ಒತ್ತಿದಷ್ಟೂ ಏಟು ಜೋರು. ಸುತ್ತಿಗೆ ಹಿಡಿಯುತ್ತಿದ್ದ ಕೈ ಖಾಲಿ ಆಗುತ್ತದೆ, ಅದು ಸಾಮಾನು ತಿರುಗಿಸಬಹುದು. ಹಾಗಾಗಿ ಸಾಮಾನನ್ನು ಕಚ್ಚಿ ಹಿಡಿದು ತಿರುಗುವ ಬಾಲ್ ವೈಸ್ ಬೇಕೇ ಬೇಕು. ಬಳ್ಳಿಯ ಸುರುಳಿ ಕೆತ್ತುವಾಗ ಉಳಿ ನಿಂತಲ್ಲೇ ಇರಬೇಕು, ವೈಸ್ ತಿರುಗಬೇಕು.

ಇನ್ನು ಸಾಣೆ. ಚೌಕ ಉಳಿಯ ಬಾಯಿಯನ್ನು 120 ಡಿಗ್ರಿಗೆ ತಿದ್ದಬೇಕು. ಮುಖ 45 ಡಿಗ್ರಿ, ಅಡಿಯಲ್ಲಿ ಕಂಡೂ ಕಾಣದಷ್ಟು ಸಣ್ಣ ಪಟ್ಟಿ 15ರಿಂದ 20 ಡಿಗ್ರಿ. ಸುಮ್ನೆ ಅಂದಾಜಿನಲ್ಲಿ ಉಜ್ಜಿದರೆ ಇದು ಬರುವುದಿಲ್ಲ. ಕೋನ ಹಿಡಿಯುವ ಜಿಗ್, 600 ಮತ್ತು 1200 ಗ್ರಿಟ್‌ನ ಡೈಮಂಡ್ ಸಾಣೆ ತಗೊಳ್ಳಿ. ಮೊನೆಯನ್ನು ಉಗುರಿನ ಮೇಲೆ ಇಟ್ಟು ಮೆಲ್ಲಗೆ ದೂಡಿ ನೋಡಿ. ಕಚ್ಚಿ ನಿಂತರೆ ಸರಿ, ಜಾರಿದರೆ ಮತ್ತೆ ಸಾಣೆಗೆ. ದೀಪದ ಕೆಳಗೆ ತುದಿಯಲ್ಲಿ ಬಿಳಿ ಚುಕ್ಕೆ ಮಿಂಚಿದರೆ ಮೊನೆ ಹೋಗಿದೆ ಅಂತಲೇ ಲೆಕ್ಕ.

ಬಿದ್ರಿ ಲೋಹದಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಮೈಲುತುತ್ತದ ನೀರು ಸವರಿ ಕಪ್ಪು ಮಾಡಿದ ಮೇಲೆ ಉಳಿ ಹೋದ ದಾರಿ ಬೆಳ್ಳಗೆ ಎದ್ದು ಕಾಣುತ್ತದೆ. ಇಲ್ಲಿ ಗಾಳಿ ಕಮ್ಮಿ ಇಡಿ. ಸ್ಟೀಲ್‌ಗೆ ಇಟ್ಟಷ್ಟೇ ಬಿಟ್ಟರೆ ಗೆರೆ ಬೇಡದಷ್ಟು ಆಳ ಹೋಗುತ್ತದೆ, ಅಂಚೂ ಕೆಡುತ್ತದೆ. ತಾರ್‌ಕಶಿಯಲ್ಲಿ ಬೆಳ್ಳಿ ತಂತಿ ಕೂರಿಸುವ ಸಣ್ಣ ಗೆರೆಗಳಿಗೆ ಗಾಳಿ ಉಳಿ ಹೇಳಿ ಮಾಡಿಸಿದ ಹಾಗಿದೆ. ಬೆಳ್ಳಿ ತಗಡು ಕೂರಿಸಲು ಅಗಲವಾಗಿ ತೋಡುವಾಗ ಮಾತ್ರ ನಾನು ಈಗಲೂ ಸುತ್ತಿಗೆಯನ್ನೇ ಹಿಡಿಯುತ್ತೇನೆ. ಅಲ್ಲಿ ಏಟಿನ ಅಂದಾಜು ಕೈಗೆ ಸಿಗಬೇಕು, ಪೆಡಲ್‌ನಲ್ಲಿ ಅದು ಸಿಗಲಿಲ್ಲ.

ನಮ್ಮ ಓಣಿಯ ಉಸ್ತಾದರು ಬಂದು ನೋಡಿದರು. "ಗೆರಿ ಛಲೋ ಅದ ತಮ್ಮಾ, ಆದ್ರ ಈ ಗದ್ದಲ ಯಾರು ಕೇಳಬೇಕು?" ಅಂದರು. ಹ್ಯಾಂಡ್‌ಪೀಸ್‌ದಲ್ಲ, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಗದ್ದಲ. ಮನೆಯಲ್ಲೇ ಕೆಲಸ ಮಾಡುವವರು ಆಯಿಲ್‌ಫ್ರೀ, ಸದ್ದು ಕಮ್ಮಿ ಇರುವುದನ್ನೇ ನೋಡಿ. ಕರೆಂಟ್ ಹೋದಾಗ ಟ್ಯಾಂಕ್‌ನಲ್ಲಿ ಉಳಿದ ಗಾಳಿ ಸ್ವಲ್ಪ ಹೊತ್ತಿಗಷ್ಟೇ ಸಾಕು. ಮಳೆಗಾಲದಲ್ಲಿ ಟ್ಯಾಂಕ್‌ನ ನೀರು ದಿನಾ ತೆಗೆಯಬೇಕು, ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಹಾಕಬೇಕು. ಫಿಲ್ಟರ್ ಇದ್ದೂ ನನ್ನ ಪಿಸ್ಟನ್ ಒಮ್ಮೆ ಅಂಟಿಕೊಂಡಿತು. ಮಾರಿದವರು "ವಾರಂಟಿ ಬರಲ್ಲ" ಅಂದು ಫೋನ್ ಇಟ್ಟರು. ನಾನೇ ಬಿಚ್ಚಿ ಸ್ಪಿರಿಟ್‌ನಲ್ಲಿ ಒರೆಸಿದ ಮೇಲೆ ಸರಿಹೋಯಿತು. ಬಿಡಿಭಾಗ ಕೇಳಿದರೆ ಅವರಲ್ಲಿ ಉತ್ತರವೇ ಇಲ್ಲ, ಇದಕ್ಕೇ ಐದರಲ್ಲಿ ಮೂರೂವರೆ ಅಂಕ. ಒಳಗಿನ ರಬ್ಬರ್ ರಿಂಗ್ ಸವೆದಾಗ ಹೈಡ್ರಾಲಿಕ್ ಅಂಗಡಿಯಲ್ಲಿ ಅದೇ ಅಳತೆಯದು ಹುಡುಕಿ ಹಾಕಿದೆ, ಓಡುತ್ತಿದೆ.